ಸಿಟ್ಟಿಗೆ ಬೀಟಾ ಬ್ಲಾಕರ್ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮ ಮನೆಯವರಿಗೆ 41 ವರ್ಷ. ಎರಡು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿತ್ತು. ಮಿದುಳಿನ ಮುಂಭಾಗದಲ್ಲಿ ರಕ್ತಸ್ರಾವ ಆಗಿದೆ ಅಂದಿದ್ದರು, ಆಪರೇಷನ್ ಬೇಕಾಗಲಿಲ್ಲ. ಈಗ ಓಡಾಡುತ್ತಾರೆ, ಅಂಗಡಿಗೂ ಹೋಗುತ್ತಾರೆ. ಆದರೆ ಸ್ವಭಾವವೇ ಬದಲಾಗಿದೆ. ಟಿವಿ ಸದ್ದು ಜಾಸ್ತಿ ಆದರೆ, ಊಟ ಸ್ವಲ್ಪ ತಡವಾದರೆ ಸಾಕು, ಕೂಗಾಡುತ್ತಾರೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ಕಳೆದ ತಿಂಗಳು ಮಗನ ಮೇಲೆ ಕೈ ಮಾಡಿದರು. ಆಮೇಲೆ ತಾವೇ ಅಳುತ್ತಾ ಕೂರುತ್ತಾರೆ. ಫಿಟ್ಸ್ ಬರದಿರಲಿ ಅಂತ ಆಸ್ಪತ್ರೆಯಲ್ಲಿ ಶುರು ಮಾಡಿದ ಲೆವೆಟಿರಾಸಿಟಮ್ ಮಾತ್ರೆ ಇನ್ನೂ ನಡೆದಿದೆ. ಫಿಟ್ಸ್ ಒಮ್ಮೆಯೂ ಬಂದಿಲ್ಲ. ಬೀಟಾ ಬ್ಲಾಕರ್ ತಗೊಳ್ಳುವವರಲ್ಲಿ ಹಿಂಸೆ ಕಡಿಮೆ ಎಂಬ ಸ್ವೀಡನ್ ಸಂಶೋಧನೆಯ ಸುದ್ದಿಯನ್ನು ನನ್ನ ನಾದಿನಿ ವಾಟ್ಸಾಪ್‌ನಲ್ಲಿ ಕಳಿಸಿದ್ದಾಳೆ. ಅವಳೇ ಮೈಗ್ರೇನ್‌ಗೆ ಪ್ರೊಪ್ರನೊಲಾಲ್ 40 ತಗೊಳ್ಳುತ್ತಾಳೆ. ಅದನ್ನೇ ಇವರಿಗೆ ದಿನಾ ಒಂದು ಕೊಟ್ಟು ನೋಡಬಹುದಾ? ಇವರಿಗೆ ಚಿಕ್ಕಂದಿನಿಂದ ದಮ್ಮು ಇದೆ, ಈಗಲೂ ಚಳಿಗಾಲದಲ್ಲಿ ಇನ್ಹೇಲರ್ ಬೇಕಾಗುತ್ತದೆ.

ಉತ್ತರ: ಆ ಮಾತ್ರೆ ಕೊಡಬೇಡಿ. ಒಂದು ಸಲ ನೋಡೋಣ ಅಂತಲೂ ಬೇಡ. ಕಾರಣ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ: ದಮ್ಮು. ಪ್ರೊಪ್ರನೊಲಾಲ್ ಎಂಬ ಈ ಬೀಟಾ ಬ್ಲಾಕರ್ ಹೃದಯದ ಮೇಲೆ ಮಾತ್ರ ಕೆಲಸ ಮಾಡುವುದಿಲ್ಲ, ಶ್ವಾಸನಾಳಗಳ ಮೇಲೂ ಮಾಡುತ್ತದೆ. ಅಸ್ತಮಾ ಇರುವವರಿಗೆ ಅದರಿಂದ ಶ್ವಾಸನಾಳ ಬಿಗಿದುಕೊಂಡು ಜೀವಕ್ಕೇ ಸಂಚಕಾರ ಬರಬಹುದು. ಇನ್ನೂ ಕೆಟ್ಟದ್ದು ಏನೆಂದರೆ, ಆಗ ನೀವು ಓಡಿ ತರುವ ಇನ್ಹೇಲರ್ ಸರಿಯಾಗಿ ಕೆಲಸ ಮಾಡದೆ ಇರಬಹುದು. ಸಾಲ್ಬುಟಮಾಲ್ ಎಂಬ ಇನ್ಹೇಲರ್ ಔಷಧ ಶ್ವಾಸನಾಳವನ್ನು ತೆರೆಯುವುದು ಅಲ್ಲಿರುವ ಬೀಟಾ ಗ್ರಾಹಕಗಳ, ಅಂದರೆ ಔಷಧ ಹೋಗಿ ಕೂರುವ ಜಾಗಗಳ ಮೂಲಕ. ಅದೇ ಗ್ರಾಹಕಗಳಿಗೆ ಪ್ರೊಪ್ರನೊಲಾಲ್ ಬೀಗ ಹಾಕಿ ಕೂತಿರುತ್ತದೆ.

ಆದರೆ ನಿಮ್ಮ ಪ್ರಶ್ನೆ ಖಂಡಿತ ದಡ್ಡ ಪ್ರಶ್ನೆಯಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ಬರುವ ಸಿಟ್ಟಿಗೆ ಬೀಟಾ ಬ್ಲಾಕರ್ ಕೊಡುವುದು ಸುಮಾರು ಐದು ದಶಕದ ಹಳೆಯ ವಿಷಯ. ಸ್ವೀಡನ್ ಸುದ್ದಿಗಿಂತ ಆ ಹಳೆಯ ಕೆಲಸವೇ ನಿಮಗೆ ಹೆಚ್ಚು ಹತ್ತಿರದ್ದು. ಅದನ್ನು ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಯಜಮಾನರು ಈಗಾಗಲೇ ನುಂಗುತ್ತಿರುವ ಮಾತ್ರೆಯ ಬಗ್ಗೆ ಮಾತಾಡಬೇಕು.

ಲೆವೆಟಿರಾಸಿಟಮ್ ಫಿಟ್ಸ್‌ಗೆ ಒಳ್ಳೆಯ ಔಷಧ. ಬೇರೆ ಮಾತ್ರೆಗಳ ಜೊತೆ ಜಗಳವಿಲ್ಲ, ಲಿವರ್‌ಗೆ ಹೊರೆಯಿಲ್ಲ, ಡೋಸ್ ಹೊಂದಿಸುವುದು ಸುಲಭ. ಅದಕ್ಕೇ ತಲೆಗೆ ಪೆಟ್ಟು ಬಿದ್ದು ಬಂದವರಿಗೆ ನಮ್ಮಲ್ಲಿ ಬಹಳ ಕಡೆ ಮೊದಲು ಹಾಕುವುದೇ ಇದನ್ನು. ಆದರೆ ಇದಕ್ಕೊಂದು ಕೆಟ್ಟ ಗುಣ ಇದೆ. ಕೆಲವರಲ್ಲಿ ಇದು ಸಿಡುಕು, ಸಿಟ್ಟು, ಕಿರಿಕಿರಿ ತರುತ್ತದೆ. ಇದು ಯಾರೋ ಹಬ್ಬಿಸಿದ ಮಾತಲ್ಲ, ಔಷಧದ ಮಾಹಿತಿ ಪತ್ರದಲ್ಲೇ ಇದೆ. ದೊಡ್ಡವರ ಮೇಲಿನ ಪ್ರಯೋಗಗಳಲ್ಲಿ ಇದನ್ನು ತಗೊಂಡ 100 ಜನರಲ್ಲಿ ಸುಮಾರು 13 ಮಂದಿಗೆ ಇಂಥ ವರ್ತನೆಯ ತೊಂದರೆ ಕಾಣಿಸಿತು. ಔಷಧವಿಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲಿ ಅದು 6. ಮಿದುಳಿನ ಮುಂಭಾಗಕ್ಕೆ ಮೊದಲೇ ಪೆಟ್ಟು ಬಿದ್ದಿರುವವರಲ್ಲಿ ನಾನಂತೂ ಇದನ್ನು ಇನ್ನೂ ಜಾಸ್ತಿ ಅನುಮಾನಿಸುತ್ತೇನೆ.

ಇನ್ನೊಂದು ಮಾತು. ಫಿಟ್ಸ್ ಬರದೇ ಇರುವವರಿಗೆ ಮುನ್ನೆಚ್ಚರಿಕೆಗೆಂದು ಕೊಡುವ ಇಂಥ ಮಾತ್ರೆಯನ್ನು ಸಾಮಾನ್ಯವಾಗಿ ಪೆಟ್ಟು ಬಿದ್ದ ಮೊದಲ ಒಂದು ವಾರಕ್ಕೆ ಕೊಡುತ್ತೇವೆ. ವರ್ಷಗಟ್ಟಲೆ ಕೊಟ್ಟರೆ ಮುಂದೆ ಬರಬಹುದಾದ ಫಿಟ್ಸ್ ತಪ್ಪುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇಲ್ಲ. ಆದರೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದು ಹಾಗೇ ಮುಂದುವರಿಯುತ್ತದೆ. ನಿಲ್ಲಿಸಿ ಅಂತ ಯಾರೂ ಹೇಳಿರುವುದಿಲ್ಲ, ಮೆಡಿಕಲ್ ಶಾಪ್‌ನವರು ಕೊಡುತ್ತಾ ಇರುತ್ತಾರೆ. ಹಾಗಂತ ನೀವೇ ನಿಲ್ಲಿಸಿಬಿಡಬೇಡಿ! ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯ ಇದೆ. ನರರೋಗ ತಜ್ಞರ ಹತ್ತಿರ ಹೋಗಿ ಎರಡೇ ಪ್ರಶ್ನೆ ಕೇಳಿ: ಇದು ಇನ್ನೂ ಬೇಕಾ? ಬೇಕಿದ್ದರೆ ಬೇರೆ ಮಾತ್ರೆಗೆ ಬದಲಾಯಿಸಬಹುದಾ? ಸಿಟ್ಟು ಶುರುವಾಗಿದ್ದು ಯಾವಾಗ, ಮಾತ್ರೆ ಶುರುವಾಗಿದ್ದು ಯಾವಾಗ, ಡೋಸ್ ಯಾವಾಗ ಏರಿಸಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸಿಟ್ಟು ತರುವ ಮಾತ್ರೆ ಹಾಗೇ ಇರಲಿ, ಅದನ್ನು ಇಳಿಸಲು ಇನ್ನೊಂದು ಮಾತ್ರೆ ಸೇರಿಸೋಣ ಅಂದರೆ ಅದಕ್ಕೆ ಕೊನೆಯೇ ಇಲ್ಲ, ಅಲ್ವಾ?

ಈಗ ಸ್ವೀಡನ್ ಸುದ್ದಿಗೆ ಬರುತ್ತೇನೆ. ಅದು ಸುಳ್ಳು ಸುದ್ದಿಯಲ್ಲ. 2023ರ ಜನವರಿಯಲ್ಲಿ ಪಿಎಲ್‌ಒಎಸ್ ಮೆಡಿಸಿನ್ ಎಂಬ ಪತ್ರಿಕೆಯಲ್ಲಿ ಬಂತು. ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆ ಮತ್ತು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಕೆಲಸ. ಸ್ವೀಡನ್‌ನಲ್ಲಿ ಪ್ರತಿಯೊಬ್ಬರ ಔಷಧ ಚೀಟಿ, ಆಸ್ಪತ್ರೆ ದಾಖಲೆ, ಪೊಲೀಸ್ ಪ್ರಕರಣ ಎಲ್ಲವನ್ನೂ ಜೋಡಿಸಿ ನೋಡಲು ಬರುತ್ತದೆ. ಹಾಗೆ ಬೀಟಾ ಬ್ಲಾಕರ್ ತಗೊಂಡಿದ್ದ ಸುಮಾರು 14 ಲಕ್ಷ ಜನರನ್ನು 2006ರಿಂದ 2013ರವರೆಗೆ ನೋಡಿದರು.

ಅವರು ಮಾಡಿದ ಹೋಲಿಕೆ ಜಾಣತನದ್ದು. ಮಾತ್ರೆ ತಗೊಳ್ಳುವವರನ್ನು ತಗೊಳ್ಳದ ಬೇರೆಯವರ ಜೊತೆ ಹೋಲಿಸಲಿಲ್ಲ. ಒಬ್ಬ ವ್ಯಕ್ತಿ ಮಾತ್ರೆ ತಗೊಳ್ಳುತ್ತಿದ್ದ ತಿಂಗಳುಗಳನ್ನು, ಅದೇ ವ್ಯಕ್ತಿ ತಗೊಳ್ಳದೇ ಇದ್ದ ತಿಂಗಳುಗಳ ಜೊತೆ ಹೋಲಿಸಿದರು. ಹುಟ್ಟುಗುಣ, ಬೆಳೆದ ಮನೆ, ಓದು, ಇವೆಲ್ಲ ಎರಡೂ ಕಡೆ ಒಂದೇ ಆಯಿತಲ್ಲ. ಮಾತ್ರೆ ತಗೊಳ್ಳುತ್ತಿದ್ದ ಕಾಲದಲ್ಲಿ ಹಿಂಸೆಯ ಅಪರಾಧಕ್ಕೆ ಪೊಲೀಸರು ಕೇಸು ಹಾಕುವ ಸಾಧ್ಯತೆ ಶೇ. 13ರಷ್ಟು ಕಡಿಮೆ ಇತ್ತು. ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರುವುದು ಶೇ. 8ರಷ್ಟು ಕಡಿಮೆ.

ಇಷ್ಟು ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಬಂದಿರದ ಭಾಗ ಹೀಗಿದೆ: ಆತ್ಮಹತ್ಯೆ ಮತ್ತು ಆತ್ಮಹತ್ಯೆ ಪ್ರಯತ್ನ ಶೇ. 8ರಷ್ಟು ಜಾಸ್ತಿ ಕಂಡಿತು. ಅದಕ್ಕೆ ಮಾತ್ರೆಯೇ ಕಾರಣ ಅಂತ ಹೇಳಲು ಬರುವುದಿಲ್ಲ. ಗಂಭೀರ ಹೃದಯದ ಕಾಯಿಲೆ ಬಂದು ಮಾತ್ರೆ ಶುರುವಾದ ಹೊತ್ತಿನಲ್ಲಿ ಮನಸ್ಸು ಕುಗ್ಗಿರುವುದೂ ಕಾರಣ ಇರಬಹುದು. ಆದರೆ ಅದೇ ನ್ಯಾಯ ಆ ಶೇ. 13ಕ್ಕೂ ಸಲ್ಲಬೇಕು. ಎದೆನೋವಾಗಿ ಡಾಕ್ಟರ ಹತ್ತಿರ ಓಡಾಡುತ್ತಿರುವ ಮನುಷ್ಯ ಕುಡಿತ ಬಿಟ್ಟಿರಬಹುದು, ಹೊರಗೆ ತಿರುಗುವುದು ಕಡಿಮೆ ಮಾಡಿರಬಹುದು. ಇದು ಪ್ರಯೋಗವಲ್ಲ, ದಾಖಲೆಗಳ ಅಧ್ಯಯನ. ಲೇಖಕರೂ ಅದನ್ನೇ ಹೇಳಿದ್ದಾರೆ, ಪ್ರಯೋಗಗಳು ಆಗಬೇಕು ಅಂತ.

ಮುಖ್ಯವಾಗಿ, ಆ 14 ಲಕ್ಷ ಜನರಲ್ಲಿ ಬಹುಪಾಲು ಮಂದಿಗೆ ಮಾತ್ರೆ ಕೊಟ್ಟದ್ದು ಸಿಟ್ಟಿಗಲ್ಲ. ಬಿಪಿಗೆ, ಹೃದಯಕ್ಕೆ, ಮೈಗ್ರೇನ್‌ಗೆ, ಕೆಲವರಿಗೆ ಆತಂಕಕ್ಕೆ. ಅಲ್ಲಿ ಎಣಿಸಿದ್ದು ಪೊಲೀಸ್ ಕೇಸು. ನಿಮ್ಮ ಮನೆಯಲ್ಲಿ ತಟ್ಟೆ ಹಾರಿದ್ದು ಯಾವ ಸ್ಟೇಷನ್ನಿನ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಆ ಅಂಕಿಯನ್ನು ನಿಮ್ಮ ಯಜಮಾನರ ಮೇಲೆ ಇಟ್ಟು ನೋಡಲು ಆಗುವುದಿಲ್ಲ.

ತಲೆಗೆ ಪೆಟ್ಟು ಬಿದ್ದವರ ಮೇಲಿನ ಕೆಲಸಕ್ಕೆ ಬರುವ ಮುನ್ನ ಔಷಧದ ಪರಿಚಯ ಸ್ವಲ್ಪ ಬೇಕು. ಪ್ರೊಪ್ರನೊಲಾಲ್ 1960ರ ದಶಕದಲ್ಲಿ ಬಂತು. ಐಸಿಐ ಎಂಬ ಬ್ರಿಟಿಷ್ ಕಂಪನಿಯಲ್ಲಿದ್ದ ಜೇಮ್ಸ್ ಬ್ಲಾಕ್ ಎಂಬ ಸ್ಕಾಟ್‌ಲೆಂಡಿನ ವಿಜ್ಞಾನಿ ಎದೆನೋವಿಗೆಂದು ಇದನ್ನು ಹುಡುಕಿದರು. 1988ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮಗೆ ಭಯವಾದಾಗ, ಸಿಟ್ಟು ಬಂದಾಗ ಮೈಯಲ್ಲಿ ಅಡ್ರಿನಲಿನ್, ನಾರ್ ಅಡ್ರಿನಲಿನ್ ಎಂಬ ರಾಸಾಯನಿಕಗಳು ಏರುತ್ತವೆ. ಎದೆ ಡವಗುಟ್ಟುವುದು, ಕೈ ನಡುಗುವುದು, ಬಿಪಿ ಏರುವುದು ಎಲ್ಲ ಅವುಗಳ ಕೆಲಸ. ಅವು ಹೋಗಿ ಕೂರುವ ಜಾಗಗಳಲ್ಲಿ ಒಂದು ಬಗೆಯವು ಬೀಟಾ ಗ್ರಾಹಕಗಳು. ಆ ಜಾಗವನ್ನು ಮೊದಲೇ ಹಿಡಿದುಕೊಂಡು ಕೂರುವುದು ಬೀಟಾ ಬ್ಲಾಕರ್.

ಈ ಗ್ರಾಹಕಗಳು ಹೃದಯ, ಶ್ವಾಸನಾಳದ ಜೊತೆ ಮಿದುಳಿನಲ್ಲೂ ಇವೆ. ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಕರಗುವ ಔಷಧ, ಹಾಗಾಗಿ ರಕ್ತದಿಂದ ಮಿದುಳಿನೊಳಗೆ ಸುಲಭವಾಗಿ ಹೋಗುತ್ತದೆ. ಅಟೆನೊಲಾಲ್ ಎಂಬ ಬೇರೊಂದು ಬೀಟಾ ಬ್ಲಾಕರ್ ಅಷ್ಟಾಗಿ ಹೋಗುವುದಿಲ್ಲ. ಮನಸ್ಸಿಗೆ ಸಂಬಂಧಿಸಿದ ಕೆಲಸದಲ್ಲಿ ಪ್ರೊಪ್ರನೊಲಾಲ್ ಹೆಸರೇ ಮತ್ತೆ ಮತ್ತೆ ಬರಲು ಇದೇ ಕಾರಣ. ಹಣೆಯ ಹಿಂದಿರುವ ಮಿದುಳಿನ ಭಾಗ ಸಿಟ್ಟನ್ನು ತಡೆದು ಹಿಡಿಯುವ ಕೆಲಸ ಮಾಡುತ್ತದೆ. ಅಲ್ಲಿಗೆ ಪೆಟ್ಟಾದರೆ ಸಿಟ್ಟು ಬರುವುದಕ್ಕೂ ಕೈ ಏಳುವುದಕ್ಕೂ ನಡುವೆ ಇರುವ ಆ ಅರೆಕ್ಷಣದ ಯೋಚನೆ ಇಲ್ಲವಾಗುತ್ತದೆ. ತಡೆಯುವ ಶಕ್ತಿ ವಾಪಸ್ ತರಲು ಆಗದಿದ್ದರೆ, ಒಳಗಿಂದ ಏರಿ ಬರುವ ಉದ್ವೇಗವನ್ನಾದರೂ ತಗ್ಗಿಸೋಣ ಎಂಬುದು ಈ ಚಿಕಿತ್ಸೆಯ ಹಿಂದಿನ ಯೋಚನೆ.

1977ರಲ್ಲಿ ಅಮೆರಿಕದ ನರರೋಗ ತಜ್ಞ ಫ್ರಾಂಕ್ ಎಲಿಯಟ್ ಮಿದುಳಿಗೆ ಪೆಟ್ಟಾದ ನಂತರ ಹೊಡೆದಾಟಕ್ಕೆ ಬರುತ್ತಿದ್ದ ಕೆಲವೇ ರೋಗಿಗಳಿಗೆ ಪ್ರೊಪ್ರನೊಲಾಲ್ ಕೊಟ್ಟು, ಅವರು ಶಾಂತರಾದರು ಎಂದು ಬರೆದರು. 1981ರಲ್ಲಿ ಸ್ಟುವರ್ಟ್ ಯುಡೊಫ್ಸ್ಕಿ ಮತ್ತು ಜೊತೆಗಾರರು, ಬೇರೆ ಔಷಧಗಳಿಗೆ ಬಗ್ಗದ ರೋಗಿಗಳಲ್ಲೂ ಇದು ಕೆಲಸ ಮಾಡಿತು ಎಂದು ವರದಿ ಮಾಡಿದರು. ಇವೆಲ್ಲ ಡಾಕ್ಟರು ತಮ್ಮ ಕಣ್ಣಾರೆ ಕಂಡದ್ದು. ಒಳ್ಳೆಯ ಸುಳಿವು, ಅಷ್ಟೆ. ರೋಗಿಗೂ ಡಾಕ್ಟರಿಗೂ ಯಾವುದು ನಿಜವಾದ ಮಾತ್ರೆ, ಯಾವುದು ಸುಳ್ಳು ಮಾತ್ರೆ ಅಂತ ಗೊತ್ತಿಲ್ಲದ ಹಾಗೆ ಮಾಡಿದ ಪ್ರಯೋಗವೇ ಬೇರೆ. ಅಂಥದ್ದು 1986ರಲ್ಲಿ ಗ್ರೀನ್‌ಡೈಕ್ ಎಂಬುವವರ ತಂಡದಿಂದ ಬಂತು. ದಿನಕ್ಕೆ 520 ಮಿಲಿಗ್ರಾಂ ತನಕ ಪ್ರೊಪ್ರನೊಲಾಲ್ ಕೊಟ್ಟರು. ಹಲ್ಲೆಗಳು ಕಡಿಮೆಯಾದವು. ರೋಗಿಗಳ ಸಂಖ್ಯೆ ಮಾತ್ರ ಬೆರಳೆಣಿಕೆಯದು. ಅದೇ ತಂಡ ಪಿಂಡೊಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರನ್ನೂ ಪರೀಕ್ಷಿಸಿತು.

520 ಮಿಲಿಗ್ರಾಂ! ನಿಮ್ಮ ನಾದಿನಿಯ 40ರ ಮಾತ್ರೆಯಲ್ಲಿ ಅದು 13 ಮಾತ್ರೆ. ಅದನ್ನು ಮನೆಯಲ್ಲಿ ಕೂತು ಯಾರೂ ಮಾಡುವ ಕೆಲಸವಲ್ಲ, ಆಸ್ಪತ್ರೆಯಲ್ಲಿ ನಾಡಿ, ಬಿಪಿ ನೋಡುತ್ತಾ ಹಂತಹಂತವಾಗಿ ಏರಿಸಿದ್ದು. ಇತ್ತ ದಿನಕ್ಕೆ ಒಂದು 40ರ ಮಾತ್ರೆ ಅಂದರೆ, ಬೆಳಿಗ್ಗೆ ನುಂಗಿದ ಸಾಧಾರಣ ಪ್ರೊಪ್ರನೊಲಾಲ್ ಸಂಜೆ ಹೊತ್ತಿಗೆ ಬಹುಪಾಲು ಮೈಯಿಂದ ಹೋಗಿರುತ್ತದೆ. ಅಂದರೆ ದಮ್ಮು ಕೆರಳಿಸಲು ಸಾಕು, ಸಿಟ್ಟು ಇಳಿಸಲು ಸಾಲದು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1992ರಲ್ಲಿ ಬ್ರೂಕ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ. ತಲೆಗೆ ತೀವ್ರ ಪೆಟ್ಟಾಗಿ ಚೇತರಿಕೆಯ ಹಂತದಲ್ಲಿದ್ದ 21 ರೋಗಿಗಳು. ಕೆಲವರಿಗೆ ದಿನಕ್ಕೆ 420 ಮಿಲಿಗ್ರಾಂ ತನಕ ಪ್ರೊಪ್ರನೊಲಾಲ್, ಉಳಿದವರಿಗೆ ಸುಳ್ಳು ಮಾತ್ರೆ. ಬಂದ ಫಲಿತಾಂಶ ವಿಚಿತ್ರವಾಗಿದೆ. ರೇಗಾಟ ಎಷ್ಟು ಸಲ ಬರುತ್ತಿತ್ತೋ ಅಷ್ಟೇ ಸಲ ಬಂತು. ಆದರೆ ಬಂದಾಗ ಅದರ ತೀವ್ರತೆ ಕಡಿಮೆ ಇತ್ತು. ರೋಗಿಯನ್ನು ಮಂಚಕ್ಕೆ ಕಟ್ಟಿಹಾಕಬೇಕಾದ ಸಂದರ್ಭಗಳೂ ಕಡಿಮೆಯಾದವು. ಹಾಲು ಉಕ್ಕುವುದು ನಿಲ್ಲಲಿಲ್ಲ, ಪಾತ್ರೆಯಿಂದಾಚೆ ಚೆಲ್ಲುವುದು ಕಡಿಮೆಯಾಯಿತು ಅನ್ನಿ. ಈ ಮಾತ್ರೆಯಿಂದ ಏನನ್ನು ನಿರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಯಾರಾದರೂ ಇದನ್ನು ಸಿಟ್ಟು ಓಡಿಸುವ ಮಾತ್ರೆ ಅಂದರೆ ನಂಬಬೇಡಿ. ಆದರೆ ತಟ್ಟೆ ಎಸೆಯುವ ಮನುಷ್ಯ ಬರೀ ಗೊಣಗಿ ಸುಮ್ಮನಾಗುವ ಹಾಗಾದರೆ, ಅದು ಮನೆಮಂದಿಗೆ ಸಣ್ಣ ಬದಲಾವಣೆಯೇನೂ ಅಲ್ಲ.

ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ಮಿದುಳಿಗೆ ಪೆಟ್ಟಾದವರ ಸಿಟ್ಟು, ಕಿರುಚಾಟಕ್ಕೆ ಯಾವ ಔಷಧ ಎಂಬ ಅವರ ವಿಮರ್ಶೆಗೆ ಸಿಕ್ಕ ಸರಿಯಾದ ಪ್ರಯೋಗಗಳು ಆರೇ ಆರು. ಅದರಲ್ಲಿ ನಾಲ್ಕು ಬೀಟಾ ಬ್ಲಾಕರ್‌ಗಳದ್ದು. ಇರುವುದರಲ್ಲಿ ಒಳ್ಳೆಯ ಆಧಾರ ಬೀಟಾ ಬ್ಲಾಕರ್‌ಗಳಿಗೇ ಇದೆ, ಆದರೆ ರೋಗಿಗಳು ಕಡಿಮೆ, ಡೋಸ್ ಜಾಸ್ತಿ, ಬಹುಕಾಲ ಏನಾಯಿತು ಅಂತ ನೋಡಿಲ್ಲ ಎಂದು ಅವರು ಬರೆದರು. 2006ರಲ್ಲಿ ಅಮೆರಿಕದ ತಜ್ಞರ ಗುಂಪೊಂದು ತಲೆಪೆಟ್ಟಿನ ನಂತರದ ಸಿಟ್ಟಿಗೆ ಬೀಟಾ ಬ್ಲಾಕರ್ ಕೊಡಬಹುದು ಎಂದು ಶಿಫಾರಸು ಮಾಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾತ್ರ ಈ ಕಾರಣಕ್ಕೆಂದು ಪ್ರೊಪ್ರನೊಲಾಲ್‌ಗೆ ಒಪ್ಪಿಗೆ ಕೊಟ್ಟಿಲ್ಲ. ಡಾಕ್ಟರು ತಮ್ಮ ತಿಳುವಳಿಕೆಯ ಮೇಲೆ ಬರೆಯುತ್ತಾರೆ.

ದೊಡ್ಡ ಪ್ರಯೋಗ ಯಾಕೆ ಆಗಲಿಲ್ಲ ಅಂತ ನಿಮಗೆ ಅನ್ನಿಸಬಹುದು. ಪೇಟೆಂಟ್ ಮುಗಿದ, ಅಗ್ಗದ ಮಾತ್ರೆ ಇದು. ಅದರ ಮೇಲೆ ಕೋಟಿಗಟ್ಟಲೆ ಸುರಿದು ಪ್ರಯೋಗ ಮಾಡಿದರೆ ಯಾವ ಕಂಪನಿಗೂ ಲಾಭ ಇಲ್ಲ. ಹೊಸ ಔಷಧಗಳಿಗೆ ದುಡ್ಡು ಬರುತ್ತದೆ, ಹಳೆಯದು ಮೂಲೆ ಸೇರುತ್ತದೆ. ಇದು ನನ್ನ ಹಳೆಯ ಗೊಣಗಾಟ, ಇರಲಿ.

ಈ ಸಂಶೋಧನೆಯಲ್ಲಿ ಇನ್ನೂ ಎರಡು ಗಂಟುಗಳಿವೆ. ಮೊದಲನೆಯದು ನಡೊಲಾಲ್. ಇದು ಮಿದುಳಿನೊಳಗೆ ಅಷ್ಟಾಗಿ ಹೋಗದ ಬೀಟಾ ಬ್ಲಾಕರ್. ಆದರೂ 1992ರಲ್ಲಿ ಜಾನ್ ರೇಟಿ ಎಂಬ ಅಮೆರಿಕದ ಮನೋವೈದ್ಯರ ತಂಡ ಇದನ್ನು ಮಾನಸಿಕ ಆಸ್ಪತ್ರೆಯ ದೀರ್ಘಕಾಲದ ರೋಗಿಗಳಿಗೆ ಕೊಟ್ಟಾಗ ಸಿಟ್ಟು ಕಡಿಮೆಯಾದದ್ದು ಕಂಡಿತು. ಹಾಗಾದರೆ ಔಷಧ ಕೆಲಸ ಮಾಡುತ್ತಿರುವುದು ಮಿದುಳಿನ ಒಳಗೋ ಹೊರಗೋ? ಎದೆ ಡವಗುಟ್ಟದಿದ್ದರೆ, ಮೈ ಬಿಸಿಯಾಗದಿದ್ದರೆ, ಮಿದುಳಿಗೆ ‘ಈಗ ಜಗಳದ ಹೊತ್ತು’ ಎಂಬ ಸುದ್ದಿ ಕೆಳಗಿನಿಂದ ಹೋಗುವುದಿಲ್ಲ, ಅದರಿಂದಲೇ ಸಿಟ್ಟು ತಣಿಯುತ್ತದೆ ಎಂಬುದು ಒಂದು ವಾದ. ನನಗೆ ಎರಡೂ ಸ್ವಲ್ಪ ಸ್ವಲ್ಪ ನಿಜ ಅನ್ನಿಸುತ್ತದೆ.

ಎರಡನೆಯದು ಹೆಚ್ಚು ಉಪಯೋಗದ್ದು. ಹ್ಯಾಲೊಪೆರಿಡಾಲ್‌ನಂಥ ಮಾನಸಿಕ ಕಾಯಿಲೆಯ ಮಾತ್ರೆ ತಗೊಳ್ಳುವವರಲ್ಲಿ ಕೆಲವರಿಗೆ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಶುರುವಾಗುತ್ತದೆ. ಅಕಥೀಸಿಯಾ ಎಂದು ಅದಕ್ಕೆ ಹೆಸರು. ಹೊರಗಿನಿಂದ ನೋಡಿದರೆ ಸಿಟ್ಟು, ರೇಗಾಟದ ಹಾಗೇ ಕಾಣುತ್ತದೆ. ಅದಕ್ಕೆ ಮಾತ್ರೆಯ ಡೋಸ್ ಏರಿಸಿದರೆ ಚಡಪಡಿಕೆ ಇನ್ನೂ ಜಾಸ್ತಿ. ಈ ಚಡಪಡಿಕೆಗೆ ಪ್ರೊಪ್ರನೊಲಾಲ್ ಒಳ್ಳೆಯ ಔಷಧ. ಹಳೆಯ ಪ್ರಯೋಗಗಳಲ್ಲಿ ಅನೇಕ ರೋಗಿಗಳು ಇಂಥ ಮಾತ್ರೆಗಳ ಮೇಲೂ ಇದ್ದರು. ಹಾಗಾಗಿ ಇಳಿದದ್ದು ಸಿಟ್ಟೋ, ಮಾತ್ರೆ ತಂದಿಟ್ಟ ಚಡಪಡಿಕೆಯೋ ಎಂಬ ಅನುಮಾನ ಉಳಿದೇ ಇದೆ. ನಿಮ್ಮ ಯಜಮಾನರಿಗೆ ಯಾರಾದರೂ ಸಿಟ್ಟಿಗೆಂದು ಬೇರೆ ಮಾತ್ರೆ ಬರೆದಿದ್ದರೆ ಆ ಚೀಟಿಯನ್ನೂ ತಗೊಂಡು ಹೋಗಿ. ಅಂದ ಹಾಗೆ, ತಲೆಗೆ ಪೆಟ್ಟಾದವರಿಗೆ ಹ್ಯಾಲೊಪೆರಿಡಾಲನ್ನು ಬಹುಕಾಲ ಕೊಡಲು ನಾವು ಹಿಂಜರಿಯುವುದಕ್ಕೆ ಇನ್ನೊಂದು ಕಾರಣ ಇದೆ. ಮಿದುಳಿಗೆ ಗಾಯವಾದ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಚೇತರಿಕೆಯನ್ನೇ ನಿಧಾನ ಮಾಡಿತು.

ಬೇರೆ ಕಾಯಿಲೆಗಳ ವಿಷಯ ಚುಟುಕಾಗಿ ಹೇಳುತ್ತೇನೆ, ಇದನ್ನು ಓದುವ ಬೇರೆಯವರೂ ಇರುತ್ತಾರೆ. ಆಲ್ಝೈಮರ್ಸ್ ಮರೆವಿನ ಕಾಯಿಲೆ ಇದ್ದು ಆರೈಕೆ ಕೇಂದ್ರಗಳಲ್ಲಿದ್ದ 31 ವೃದ್ಧರ ಮೇಲೆ ಅಮೆರಿಕದಲ್ಲಿ ಪೆಸ್ಕಿಂಡ್ ಎಂಬ ವೈದ್ಯೆಯ ತಂಡ ಮಾಡಿದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ದಿನಕ್ಕೆ ಸರಾಸರಿ 100 ಮಿಲಿಗ್ರಾಂ ಆಸುಪಾಸು ಪ್ರೊಪ್ರನೊಲಾಲ್ ಕೊಟ್ಟಾಗ ಮೊದಲಿಗೆ ಉಪಯೋಗ ಕಂಡಿತು, ಆರು ತಿಂಗಳಲ್ಲಿ ಅದು ಕರಗುತ್ತಾ ಬಂತು. ಸ್ಕಿಝೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದ್ದು ಹಲ್ಲೆ ಮಾಡುತ್ತಿದ್ದ ಕೆಲವೇ ರೋಗಿಗಳಿಗೆ ಪಿಂಡೊಲಾಲ್ ಸೇರಿಸಿದಾಗ ಹಲ್ಲೆಗಳು ಕಡಿಮೆಯಾದ ಒಂದು ಪ್ರಯೋಗ 2001ರಲ್ಲಿ ಬಂದಿದೆ. ಆಟಿಸಂ ಇರುವವರ ತೀವ್ರ ರೇಗಾಟಕ್ಕೆ ದೊಡ್ಡ ಡೋಸ್ ಪ್ರೊಪ್ರನೊಲಾಲ್ ಕೊಟ್ಟು ನೋಡುವ ಕೆಲಸ ಅಮೆರಿಕದಲ್ಲಿ ಈಚೆಗೆ ಮತ್ತೆ ಶುರುವಾಗಿದೆ. ಆಸೆ ಹುಟ್ಟಿಸುವಂತಿದೆ, ಆದರೆ ಸರಿಯಾದ ಪ್ರಯೋಗ ಇನ್ನೂ ತೀರಾ ಚಿಕ್ಕದು. ಆಟಿಸಂ ಇರುವ ಮಕ್ಕಳ ಸಿಡುಕಿಗೆ ಎಫ್‌ಡಿಎ ಒಪ್ಪಿರುವುದು ರಿಸ್ಪೆರಿಡೋನ್ ಮತ್ತು ಅರಿಪಿಪ್ರಝೋಲ್ ಎರಡನ್ನೇ.

ಇನ್ನು ಯಾವ ಕಾಯಿಲೆಯೂ ಇಲ್ಲದ, ಹೆಂಡತಿ ಮೇಲೆ ಮಾತ್ರ ಕೈ ಎತ್ತುವ, ಆಫೀಸಿನಲ್ಲಿ ಸಾಹೇಬರ ಮುಂದೆ ಬೆಕ್ಕಿನಂತಿರುವ ಗಂಡಸಿನ ಸಿಟ್ಟಿಗೆ ಈ ಮಾತ್ರೆ ಕೊಟ್ಟು ಯಾರೂ ಏನೂ ಸಾಬೀತು ಮಾಡಿಲ್ಲ. ಆ ಸಿಟ್ಟಿಗೆ ಮಿದುಳಿನ ಕಾರಣ ಹುಡುಕುವುದು ನನಗೆ ಹಿಡಿಸುವುದೂ ಇಲ್ಲ. ನಿಮ್ಮ ಯಜಮಾನರದ್ದು ಆ ಬಗೆಯದಲ್ಲ ಅಂತ ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ಅಪಘಾತದ ನಂತರ ಬಂದದ್ದು, ಸಣ್ಣ ಕಾರಣಕ್ಕೆ ದಿಢೀರ್ ಏಳುತ್ತದೆ, ಬೇಗ ಇಳಿಯುತ್ತದೆ, ಆಮೇಲೆ ಪಶ್ಚಾತ್ತಾಪ ಇರುತ್ತದೆ. ಮಿದುಳಿನ ಮುಂಭಾಗದ ಪೆಟ್ಟಿನ ಸಿಟ್ಟು ಹೀಗೇ ಇರುತ್ತದೆ. ಅಂಗಡಿಯಲ್ಲೂ ಗಿರಾಕಿಗಳ ಮೇಲೆ ರೇಗುತ್ತಾರಾ, ಮನೆಯಲ್ಲಿ ಮಾತ್ರವಾ ಅಂತ ಅಲ್ಲಿ ಇರುವವರನ್ನು ಕೇಳಿ ನೋಡಿ. ಡಾಕ್ಟರಿಗೆ ಆ ಉತ್ತರ ಬೇಕಾಗುತ್ತದೆ.

ಡಾಕ್ಟರು ನೋಡಬೇಕಾದ ಬೇರೆ ಸಂಗತಿಗಳೂ ಇವೆ. ದಿನಾ ತಲೆನೋವು ಇದೆಯಾ? ರಾತ್ರಿ ನಿದ್ದೆ ಹೇಗೆ? ಆ ಅಳು ಬರೀ ಪಶ್ಚಾತ್ತಾಪವೋ, ಅಥವಾ ಖಿನ್ನತೆಯೋ? ಖಿನ್ನತೆ ಇದ್ದರೆ ಅದರ ಚಿಕಿತ್ಸೆಯಿಂದಲೇ ಸಿಟ್ಟು ಅರ್ಧ ಇಳಿಯುವುದುಂಟು. ಕುಡಿತ ಇದ್ದರೆ ಮುಚ್ಚಿಡದೆ ಹೇಳಿ. ತಲೆಗೆ ಜೋರು ಪೆಟ್ಟಾದ ಕೆಲವರಲ್ಲಿ ಹಾರ್ಮೋನ್‌ಗಳೂ ಏರುಪೇರಾಗುತ್ತವೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ದಮ್ಮು ಇರುವುದರಿಂದ ನಿಮ್ಮ ಯಜಮಾನರಿಗೆ ಪ್ರೊಪ್ರನೊಲಾಲ್ ದಾರಿ ಹೆಚ್ಚು ಕಡಿಮೆ ಮುಚ್ಚಿದ ಹಾಗೆ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಮುಖ್ಯವಾಗಿ ಹೃದಯದ ಗ್ರಾಹಕಗಳನ್ನು ಹಿಡಿಯುತ್ತವೆ, ಶ್ವಾಸನಾಳಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಆದರೆ ಪೂರ್ತಿ ನಿರಪಾಯವೂ ಅಲ್ಲ, ಸಿಟ್ಟಿನ ವಿಷಯದಲ್ಲಿ ಅವಕ್ಕೆ ಅಷ್ಟು ಆಧಾರವೂ ಇಲ್ಲ. ಬೇರೆ ದಾರಿಗಳಿವೆ. ಫಿಟ್ಸ್ ಮಾತ್ರೆ ಬೇಕೇ ಬೇಕು ಅಂತ ತಜ್ಞರು ಹೇಳಿದರೆ, ವಾಲ್‌ಪ್ರೊಯೇಟ್ ಅಥವಾ ಕಾರ್ಬಮಝೆಪಿನ್‌ಗೆ ಬದಲಾಯಿಸುವ ಮಾತು ಬರಬಹುದು. ಅವು ಫಿಟ್ಸ್ ತಡೆಯುತ್ತವೆ, ಮೂಡ್ ಏರಿಳಿತಕ್ಕೂ ಕೊಡುತ್ತಾರೆ. ತಲೆಪೆಟ್ಟಿನ ಸಿಟ್ಟಿನಲ್ಲಿ ಅವುಗಳ ಆಧಾರ ದೊಡ್ಡದೇನಲ್ಲ, ಆದರೆ ಎರಡು ಕೆಲಸಕ್ಕೆ ಒಂದೇ ಮಾತ್ರೆ ಸಾಕಾದರೆ ಒಳ್ಳೆಯದೇ. ಸರ್ಟ್ರಲೀನ್, ಅಮಾಂಟಡೀನ್ ಎಂಬ ಮಾತ್ರೆಗಳನ್ನೂ ಕೆಲವರಿಗೆ ಕೊಡುತ್ತೇವೆ.

ಬೀಟಾ ಬ್ಲಾಕರ್ ಕೊಡಲು ಅಡ್ಡಿಯಿಲ್ಲದ ಬೇರೆ ರೋಗಿಗಳ ಮನೆಯವರಿಗೆ ಒಂದಿಷ್ಟು ಮಾತು. ಶುರು ಮಾಡುವ ಮೊದಲು ಇಸಿಜಿ, ನಾಡಿ, ಬಿಪಿ ಆಗಬೇಕು. ನಾಡಿ ಮೊದಲೇ ನಿಧಾನ ಇದ್ದರೆ, ಹೃದಯದ ವಿದ್ಯುತ್ ಹರಿವಿನಲ್ಲಿ ತಡೆ ಇದ್ದರೆ ಕೊಡುವುದಿಲ್ಲ. ಇನ್ಸುಲಿನ್ ತಗೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಶುಗರ್ ಕುಸಿದಾಗ ಬರುವ ನಡುಕ, ಎದೆಬಡಿತವನ್ನು ಇದು ಮರೆಮಾಡುತ್ತದೆ, ಹಾಗಾಗಿ ಕುಸಿದದ್ದು ಗೊತ್ತೇ ಆಗುವುದಿಲ್ಲ. ವೆರಪಮಿಲ್, ಡಿಲ್ಟಿಯಝೆಮ್ ಎಂಬ ಹೃದಯದ ಮಾತ್ರೆಗಳ ಜೊತೆ ಇದು ಸೇರಿದರೆ ಹೃದಯ ತೀರಾ ನಿಧಾನವಾಗಬಹುದು. ಫ್ಲುವಾಕ್ಸಮೀನ್‌ನಂಥ ಖಿನ್ನತೆಯ ಮಾತ್ರೆ ಇದ್ದರೆ ರಕ್ತದಲ್ಲಿ ಪ್ರೊಪ್ರನೊಲಾಲ್ ಮಟ್ಟ ಏರುತ್ತದೆ.

ಬೀಟಾ ಬ್ಲಾಕರ್‌ನಿಂದ ಖಿನ್ನತೆ ಬರುತ್ತದೆ ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. 2021ರಲ್ಲಿ 285 ಅಧ್ಯಯನಗಳನ್ನು, 53 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಅಂಥ ನಂಟು ಕಾಣಲಿಲ್ಲ. ನಿದ್ದೆ ಕೆಡುವುದು, ವಿಚಿತ್ರ ಕನಸು ಬೀಳುವುದು ಇದ್ದದ್ದೇ. ಆದರೆ ಬೇಕೆಂದೇ ಜಾಸ್ತಿ ನುಂಗಿದರೆ ಪ್ರೊಪ್ರನೊಲಾಲ್ ಪ್ರಾಣ ತೆಗೆಯುವ ಔಷಧ. ಮನಸ್ಸು ಕುಗ್ಗಿರುವವರಿದ್ದ ಮನೆಯಲ್ಲಿ ಇದನ್ನು ಬೀಗ ಹಾಕಿ ಇಡಬೇಕು, ಲೆಕ್ಕ ಹಾಕಿ ಕೊಡಬೇಕು. ನಿಮ್ಮ ನಾದಿನಿಗೂ ಇದನ್ನು ಹೇಳಿ.

ಇನ್ನೊಂದು ತಪ್ಪು ಗ್ರಹಿಕೆ ಇದೆ. ವೇದಿಕೆ ಹತ್ತುವ ಮುಂಚೆ ಕೈ ನಡುಗಬಾರದು ಅಂತ ಒಂದು ಚಿಕ್ಕ ಡೋಸ್ ತಗೊಳ್ಳುವವರಿಗೆ ಗಂಟೆ ಎರಡು ಗಂಟೆಯಲ್ಲಿ ಗುಣ ಗೊತ್ತಾಗುತ್ತದೆ. ಸಿಟ್ಟಿನ ವಿಷಯ ಹಾಗಲ್ಲ. ಡೋಸ್ ನಿಧಾನ ಏರಿಸಿ, ಸಾಕಷ್ಟು ಮಟ್ಟಕ್ಕೆ ಬಂದ ಮೇಲೂ ನಾಲ್ಕರಿಂದ ಎಂಟು ವಾರ ಕಾಯಬೇಕಾಗಬಹುದು. ಎರಡು ದಿನ ಕೊಟ್ಟು ಕೆಲಸ ಮಾಡಲಿಲ್ಲ ಅಂತ ಬಿಡುವವರೇ ಜಾಸ್ತಿ.

ನಿಮ್ಮ ಕೈಯಲ್ಲಿ ಇವತ್ತೇ ಆಗುವ ಕೆಲಸ ಒಂದಿದೆ. ಒಂದು ನೋಟ್ ಪುಸ್ತಕ ಇಡಿ. ಆಗಲೇ ಹೇಳಿದ ಯುಡೊಫ್ಸ್ಕಿ ತಂಡ 1986ರಲ್ಲಿ ಸಿಟ್ಟನ್ನು ಅಳೆಯುವ ಒಂದು ಪಟ್ಟಿ ಮಾಡಿತು, ಆಮೇಲೆ ಬಂದ ಬಹಳಷ್ಟು ಸಂಶೋಧನೆ ಅದರ ಮೇಲೇ ನಿಂತಿದೆ. ಅದರಲ್ಲಿ ಸಿಟ್ಟನ್ನು ನಾಲ್ಕು ಬಗೆ ಮಾಡಿದ್ದಾರೆ: ಬರೀ ಬಾಯಿ ಮಾತು, ವಸ್ತುಗಳ ಮೇಲೆ, ತನ್ನ ಮೇಲೇ, ಬೇರೆಯವರ ಮೇಲೆ. ಪ್ರತಿ ಸಲ ಯಾವ ಬಗೆ, ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಅದಕ್ಕೂ ಮುಂಚೆ ಏನಾಗುತ್ತಿತ್ತು ಅಂತ ಎರಡು ಸಾಲು ಬರೆಯಿರಿ. ಕೆಟ್ಟ ದಿನವಾದರೆ ಪೂರ್ತಿ ತಿಂಗಳು ಕೆಟ್ಟದ್ದು ಅನ್ನಿಸುತ್ತದೆ, ಒಳ್ಳೆಯ ದಿನವಾದರೆ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಪುಸ್ತಕ ಇದ್ದರೆ ಮೋಸ ಹೋಗುವುದಿಲ್ಲ. ಎರಡು ವಾರ ಬರೆದರೆ ಒಂದು ಕ್ರಮವೂ ಕಾಣಬಹುದು. ಸದ್ದು, ಹಸಿವು, ಆಯಾಸ, ಇಬ್ಬರು ಒಟ್ಟಿಗೆ ಮಾತಾಡುವುದು, ಪೆಟ್ಟಾದ ಮಿದುಳಿಗೆ ಇವು ತಡೆಯಲಾಗದ ಹೊರೆ. ಊಟದ ಹೊತ್ತಿಗೆ ಟಿವಿ ಆರಿಸುವುದು, ಅಂಗಡಿಯಿಂದ ಬಂದ ಕೂಡಲೇ ಅರ್ಧ ಗಂಟೆ ಒಬ್ಬರೇ ಮಲಗಲು ಬಿಡುವುದು, ಇಂಥವು ಎಷ್ಟೋ ಮನೆಗಳಲ್ಲಿ ಮಾತ್ರೆಯಷ್ಟೇ ಕೆಲಸ ಮಾಡಿವೆ.

ಮಗನ ವಿಷಯದಲ್ಲಿ ಮಾತ್ರ ಕಾಯಬೇಡಿ. ಸಿಟ್ಟು ಏರಿದಾಗ ವಾದ ಮಾಡಬೇಡಿ, ತಡೆಯಲು ಅಡ್ಡ ನಿಲ್ಲಬೇಡಿ, ಮಗನನ್ನು ಕರೆದುಕೊಂಡು ಬೇರೆ ಕೋಣೆಗೋ ಪಕ್ಕದ ಮನೆಗೋ ಹೋಗಿ. ಅಪ್ಪನಿಗೆ ಮಿದುಳಿಗೆ ಪೆಟ್ಟಾಗಿದೆ, ನಿನ್ನ ತಪ್ಪಿಲ್ಲ ಅಂತ ಅವನಿಗೆ ಹೇಳಿ. ಕೈ ಮೀರಿದರೆ 112ಕ್ಕೆ ಫೋನ್ ಮಾಡಲು ಸಂಕೋಚ ಬೇಡ. ನಿಮಗೇ ಸಾಕಾಗಿಹೋಗಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಅಥವಾ ಹಳೆಯ ನರರೋಗ ತಜ್ಞರನ್ನು ನೋಡಿ. ಬೇಕೆನಿಸಿದರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಅಲ್ಲಿ ನರರೋಗ, ಮನೋವೈದ್ಯ, ಪುನಶ್ಚೇತನ ವಿಭಾಗಗಳು ಒಂದೇ ಆವರಣದಲ್ಲಿ ಇವೆ. ಡಿಸ್ಚಾರ್ಜ್ ಚೀಟಿ, ತಲೆಯ ಸ್ಕ್ಯಾನ್, ಈಗಿನ ಮಾತ್ರೆಗಳ ಪಟ್ಟಿ, ಇನ್ಹೇಲರ್, ಮತ್ತು ಆ ನೋಟ್ ಪುಸ್ತಕ ಜೊತೆಗಿರಲಿ. ಫಿಟ್ಸ್ ಮಾತ್ರೆ ಬದಲಾದರೆ ಮುಂದಿನ ಕೆಲವು ವಾರ ಬರೆಯುವುದನ್ನು ಬಿಡಬೇಡಿ. ಎಷ್ಟು ಸಲ ಬಂತು ಎಂಬುದನ್ನು ಮಾತ್ರ ಎಣಿಸದೆ, ಎಷ್ಟು ಜೋರಾಗಿ ಬಂತು ಎಂಬುದನ್ನೂ ಬರೆಯಿರಿ. ಆಗಲೂ ಬದಲಾವಣೆ ಕಾಣದಿದ್ದರೆ ಮುಂದಿನ ಔಷಧ ಯಾವುದು ಅಂತ ತೀರ್ಮಾನಿಸಲು ಡಾಕ್ಟರಿಗೆ ಅದೇ ದಾಖಲೆ ಸಾಕು.